ಅಂಡಮಾನ್ ಟಿಕೆಟ್‌ಗೂ ಮುಂಚೆ ಪಂಚಾಂಗ ನೋಡಿ

ಫೈನಲ್ ಇಯರ್ ಶುರುವಾಗುತ್ತಿದ್ದ ಹಾಗೆ ಎಲ್ಲಾ ಬ್ರಾಂಚ್‌ನಲ್ಲೂ ಒಂದು ಟ್ರಿಪ್ ಗ್ರೂಪ್ ಹುಟ್ಟಿಕೊಳ್ಳುತ್ತೆ. ಮೊದಲು ಗೋವಾ ಅಂತಾರೆ, ಆಮೇಲೆ ಗೋಕರ್ಣ ಅಂತಾರೆ, ಕೊನೆಗೆ ಯಾರೋ ಒಬ್ಬರು ತಿಳಿನೀಲಿ ನೀರಿನ ರೀಲ್ ಹಾಕಿ ‘ಗುರೂ, ಅಂಡಮಾನ್ ಹೋಗೋಣ’ ಅಂತಾರೆ. ಅಲ್ಲಿಗೆ ಚರ್ಚೆ ಮುಗೀತು. ಎರಡೇ ದಿನದಲ್ಲಿ ಪ್ಲಾನ್ ರೆಡಿ: ನಾಲ್ಕು ರಾತ್ರಿ, ಐದು ಹಗಲು, ಹನ್ನೊಂದು ಸ್ಪಾಟ್. ಬೆಳಿಗ್ಗೆ ಈ ಬೀಚ್, ಮಧ್ಯಾಹ್ನ ಆ ದ್ವೀಪ, ಸಂಜೆ ಸ್ಕೂಬಾ, ಮರುದಿನ ಬೆಳಿಗ್ಗೆ ಫ್ಲೈಟ್. ನಮ್ಮ ಲ್ಯಾಬ್ ಎಕ್ಸಾಮ್ ಟೈಮ್‌ಟೇಬಲ್ ಕೂಡ ಇಷ್ಟು ಬಿಗಿಯಾಗಿರಲ್ಲ.

ಅಂಡಮಾನ್‌ಗೆ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಖಂಡಿತ ಹೋಗಿ. ಬೆಂಗಳೂರಿಂದ ನೇರ ವಿಮಾನ ಹತ್ತಿದರೆ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಇಳೀತೀರಿ, ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ಆಧಾರ್ ಕಾರ್ಡ್ ಸಾಕು. ನನ್ನ ತಕರಾರು ಇರೋದು ಆ ಹನ್ನೊಂದು ಸ್ಪಾಟ್ ಪ್ಲಾನ್ ಬಗ್ಗೆ. ಮೈಸೂರಿಗೆ ಹೋಗುವಾಗ ಬಸ್ ತಪ್ಪಿದರೆ ಅರ್ಧ ಗಂಟೆಗೆ ಇನ್ನೊಂದು ಬರುತ್ತೆ. ದ್ವೀಪದಲ್ಲಿ ಹಾಗಿಲ್ಲ. ಅಲ್ಲಿನ ದಿನವನ್ನ ನಡೆಸೋದು ಸೂರ್ಯ, ಚಂದ್ರ, ಗಾಳಿ ಮತ್ತು ಹಡಗು. ಈ ನಾಲ್ಕರ ಲೆಕ್ಕ ಹಾಕದೆ ಹೋದವರು ದುಡ್ಡನ್ನೂ ಕಳಕೊಳ್ತಾರೆ, ಸಮಯವನ್ನೂ ಕಳಕೊಳ್ತಾರೆ. ಕೆಲವೊಮ್ಮೆ ಅದಕ್ಕಿಂತ ದೊಡ್ಡದನ್ನೇ ಕಳಕೊಳ್ತಾರೆ. ಅದಕ್ಕೇ ಹೇಳೋದು: ಕಡಿಮೆ ಜಾಗ ನೋಡಿ, ಒಂದು ದಿನ ಖಾಲಿ ಬಿಡಿ, ನೀರಿಗಿಳಿಯೋ ವಿಷಯದಲ್ಲಿ ಗ್ರೂಪಿನ ಉಮೇದಿಗಿಂತ ಸಮುದ್ರದ ಸ್ಥಿತಿಗೆ ಬೆಲೆ ಕೊಡಿ.

ಮೊದಲಿಗೆ ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದ್ದಾರೆ. ಹ್ಯಾವ್‌ಲಾಕ್ 2018ರ ಕೊನೆಯಿಂದ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. ಹಡಗಿನ ಟಿಕೆಟ್‌ನಲ್ಲಿ ಒಂದು ಹೆಸರು, ಹೋಟೆಲ್ ಬುಕಿಂಗ್‌ನಲ್ಲಿ ಇನ್ನೊಂದು ಹೆಸರು ಕಂಡರೆ ಗಾಬರಿ ಬೇಡ, ಎರಡೂ ಒಂದೇ ಜಾಗ. ಇಲ್ಲಿ ನಾನು ಎಲ್ಲರ ಬಾಯಲ್ಲಿರೋ ಹ್ಯಾವ್‌ಲಾಕ್, ನೀಲ್ ಅಂತಲೇ ಬರೀತೀನಿ.

ಯಾವಾಗ ಹೋಗಬೇಕು?

ನೈಋತ್ಯ ಮುಂಗಾರು ಕೇರಳಕ್ಕೆ ಕಾಲಿಡುವ ಮುಂಚೆಯೇ ಅಂಡಮಾನ್‌ಗೆ ಬರುತ್ತೆ, ಸಾಮಾನ್ಯವಾಗಿ ಮೇ ಮೂರನೇ ವಾರದ ಆಸುಪಾಸು. ಅಂದ್ರೆ ‘ಈವನ್ ಸೆಮ್ ಎಕ್ಸಾಮ್ ಮುಗಿಸಿ ಜೂನ್‌ನಲ್ಲಿ ಹೋಗೋಣ, ರೇಟ್ ಕಮ್ಮಿ ಇದೆ’ ಅನ್ನೋರಿಗೆ ರೇಟ್ ಯಾಕೆ ಕಮ್ಮಿ ಇದೆ ಅಂತ ಗೊತ್ತಿರಬೇಕು. ಆಗ ಸಮುದ್ರ ಒರಟಾಗಿರುತ್ತೆ, ನೀರು ಕದಡಿರುತ್ತೆ, ಹಡಗು ಯಾವಾಗ ರದ್ದಾಗುತ್ತೆ ಹೇಳೋಕಾಗಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಟ. ಡಿಸೆಂಬರ್ ಕೊನೆಯಲ್ಲಿ ಹವೆ ಚೆನ್ನಾಗಿದ್ದರೂ ಹೊಸವರ್ಷದ ಜನಜಂಗುಳಿ, ಎಲ್ಲದಕ್ಕೂ ದುಬಾರಿ ರೇಟು. ನಮ್ಮಂಥವರಿಗೆ ಸರಿಹೊಂದೋದು ಜನವರಿ ಮಧ್ಯದಿಂದ ಮಾರ್ಚ್‌ವರೆಗೆ. ಆಡ್ ಸೆಮ್ ಎಕ್ಸಾಮ್ ಮುಗಿದು ಮುಂದಿನ ಸೆಮ್ ಶುರುವಾಗುವ ನಡುವಿನ ಬಿಡುವು ಸಿಕ್ಕರೆ ಬಿಡಬೇಡಿ.

ಇನ್ನು ಪಂಚಾಂಗದ ವಿಷಯ. ಜ್ಯೋತಿಷ್ಯ ಅಂತ ನಗಬೇಡಿ, ಇದು ಶುದ್ಧ ಫಿಸಿಕ್ಸ್. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಸುಮಾರಿಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರೋದರಿಂದ ಉಬ್ಬರ ಹೆಚ್ಚು ಎತ್ತರ, ಇಳಿತ ಹೆಚ್ಚು ಆಳ. ಅಷ್ಟಮಿಯ ಸುಮಾರಿಗೆ ಎರಡರ ನಡುವಿನ ವ್ಯತ್ಯಾಸ ಕಮ್ಮಿ. ಅಂಡಮಾನ್‌ನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಇವತ್ತು ಬೆಳಿಗ್ಗೆ 8ಕ್ಕೆ ಇಳಿತ ಇದ್ದರೆ ನಾಳೆ 8.50ರ ಸುಮಾರಿಗೆ, ನಾಡಿದ್ದು 9.40ರ ಸುಮಾರಿಗೆ.

ಇದರಿಂದ ನಮಗೇನು ಲಾಭ? ನೀಲ್ ದ್ವೀಪದ ಲಕ್ಷ್ಮಣಪುರದ ಹತ್ತಿರ ಕಲ್ಲಿನ ಸಹಜ ಸೇತುವೆ ಒಂದಿದೆ. ಅದರ ಹತ್ತಿರ ನಡೆದು ಹೋಗೋಕೆ ಆಗೋದು ಇಳಿತದ ಹೊತ್ತಲ್ಲಿ ಮಾತ್ರ. ಆಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಸಣ್ಣ ಮೀನು, ಏಡಿ, ಸಮುದ್ರ ಸೌತೆ ಎಲ್ಲಾ ಕಾಣುತ್ತೆ. ಅದೇ ದ್ವೀಪದ ಭರತ್‌ಪುರ ಬೀಚ್‌ನಲ್ಲಿ ಇಳಿತದ ಹೊತ್ತಿಗೆ ನೀರು ದೂರ ಸರಿದು ಹವಳದ ದಿಬ್ಬ ಮೇಲೆ ಕಾಣುತ್ತೆ, ಈಜೋ ಮಾತೇ ಇಲ್ಲ. ಒಂದಕ್ಕೆ ಇಳಿತ ಬೇಕು, ಇನ್ನೊಂದಕ್ಕೆ ಉಬ್ಬರ ಬೇಕು. ಟ್ಯಾಕ್ಸಿ ಪ್ಯಾಕೇಜಿನವರು ಎರಡನ್ನೂ ಒಂದೇ ಗಂಟೆಯಲ್ಲಿ ತೋರಿಸ್ತೀವಿ ಅಂದ್ರೆ ಒಂದನ್ನ ನೀವು ಸರಿಯಾಗಿ ನೋಡಲ್ಲ ಅಂತಲೇ ಅರ್ಥ. ಅಲ್ಲಿಗೆ ಹೋಗೋ ದಿನಗಳ ಉಬ್ಬರವಿಳಿತದ ಸಮಯವನ್ನ ಮೊದಲೇ ಬರೆದಿಟ್ಟುಕೊಳ್ಳಿ, ಫೋನ್‌ನಲ್ಲಿ ಎರಡು ನಿಮಿಷದ ಕೆಲಸ. ಇನ್ನೊಂದು ಮಾತು: ಅಮಾವಾಸ್ಯೆಯ ಆಸುಪಾಸಿನ ಕತ್ತಲಲ್ಲಿ ಹ್ಯಾವ್‌ಲಾಕ್‌ನ ನೀರು ಕೆಲವು ಕಡೆ ಕೈಯಾಡಿಸಿದರೆ ಮಿನುಗುತ್ತೆ. ಅದು ನೀರಲ್ಲಿರೋ ಸೂಕ್ಷ್ಮಜೀವಿಗಳ ಬೆಳಕು. ಹುಣ್ಣಿಮೆಗೆ ಹೋದವರಿಗೆ ಆ ಭಾಗ್ಯ ಕಮ್ಮಿ.

ಸೂರ್ಯ ಒಂದು ಗಂಟೆ ಮುಂದೆ

ಬೆಂಗಳೂರು ಇರೋದು ಸುಮಾರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಶ್ರೀ ವಿಜಯಪುರಂ ಇರೋದು ಸುಮಾರು 92.7ರಲ್ಲಿ. ವ್ಯತ್ಯಾಸ ಹದಿನೈದು ಡಿಗ್ರಿ. ಹದಿನೈದು ಡಿಗ್ರಿಗೆ ಒಂದು ಗಂಟೆ ಅಂತ ಹೈಸ್ಕೂಲಲ್ಲೇ ಓದಿದ್ದೀವಿ. ಆದರೆ ಗಡಿಯಾರ ಎರಡೂ ಕಡೆ ಒಂದೇ. ಹಾಗಾಗಿ ಅಲ್ಲಿ ಎಲ್ಲವೂ ನಮ್ಮ ಲೆಕ್ಕಕ್ಕಿಂತ ಒಂದು ಗಂಟೆ ಮೊದಲು ನಡೆಯುತ್ತೆ. ಡಿಸೆಂಬರ್‌ನಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗಿರ್ತಾನೆ. ‘ಐದೂವರೆಗೆ ರಾಧಾನಗರ್ ಬೀಚಿಗೆ ಹೋಗಿ ಸನ್‌ಸೆಟ್ ನೋಡೋಣ’ ಅಂತ ಪ್ಲಾನ್ ಮಾಡಿದವರು ಹೋಗಿ ಕತ್ತಲಲ್ಲಿ ನಿಲ್ತಾರೆ. ಹಾಸ್ಟೆಲ್‌ನಲ್ಲಿ ಹತ್ತು ಗಂಟೆಗೆ ಏಳೋ ಅಭ್ಯಾಸ ಇಟ್ಟುಕೊಂಡು ಅಲ್ಲಿಗೆ ಹೋದರೆ ಅರ್ಧ ದಿನದ ಬೆಳಕು ಹಾಸಿಗೆಯಲ್ಲೇ ಮುಗಿದು ಹೋಗುತ್ತೆ. ಐದೂಕಾಲಕ್ಕೆ ಏಳಿ, ಕಾಲಾಪತ್ಥರ್ ಬೀಚ್ ಪೂರ್ವಕ್ಕಿದೆ, ಸೂರ್ಯೋದಯ ಅಲ್ಲಿ ನೋಡಿ. ಮಧ್ಯಾಹ್ನದ ಬಿಸಿಲಲ್ಲಿ ಮಲಗಿ. ಮೂರೂವರೆಗೆ ಪಶ್ಚಿಮದ ರಾಧಾನಗರ್‌ಗೆ ಹೊರಡಿ. ರಾತ್ರಿ ಎಂಟೂವರೆಗೆ ಊಟ ಮುಗಿಸಿ. ಅಲ್ಲಿನ ಅಂಗಡಿ, ಹೋಟೆಲ್‌ಗಳೂ ಬೇಗ ಬಾಗಿಲು ಹಾಕ್ತವೆ.

ಹಡಗು ನಮ್ಮ ಮಾತು ಕೇಳಲ್ಲ

ಶ್ರೀ ವಿಜಯಪುರಂನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ವೇಗದ ಹಡಗಲ್ಲಿ ಸುಮಾರು ಒಂದೂವರೆ ಗಂಟೆ, ಸರ್ಕಾರಿ ಹಡಗಲ್ಲಿ ಸುಮಾರು ಎರಡೂವರೆ ಗಂಟೆ. ಸರ್ಕಾರಿ ಹಡಗು ಅಗ್ಗ, ಮೇಲಿನ ಡೆಕ್‌ನಲ್ಲಿ ಗಾಳಿಗೆ ನಿಂತು ಹೋಗಬಹುದು. ಆದರೆ ಅದು ಅಲ್ಲಿನ ಜನರ ಕೆಂಪು ಬಸ್ ಇದ್ದ ಹಾಗೆ. ಆಸ್ಪತ್ರೆಗೆ ಹೋಗೋರು, ತರಕಾರಿ ಮಾರೋರು, ಕಾಲೇಜಿಗೆ ಹೋಗೋರು ಅದರಲ್ಲೇ ಓಡಾಡ್ತಾರೆ. ಮೂವತ್ತು ಜನರ ಗ್ರೂಪ್ ಕಟ್ಟಿಕೊಂಡು ಹೋಗಿ ಅವರ ಸೀಟಿಗೆ ಜಗಳ ತೆಗೆಯೋದು ತರವಲ್ಲ. ಖಾಸಗಿ ಹಡಗಿನ ಟಿಕೆಟ್ ಮೊದಲೇ ಮಾಡಿಸಿ, ರದ್ದಾದರೆ ದುಡ್ಡು ಹೇಗೆ ವಾಪಸ್ ಬರುತ್ತೆ ಅನ್ನೋದನ್ನೂ ಓದಿಕೊಳ್ಳಿ.

ನನ್ನ ವಾದದ ಮುಖ್ಯ ಭಾಗ ಇಲ್ಲಿದೆ. ವಾಪಸ್ ಬರೋ ವಿಮಾನದ ಹಿಂದಿನ ರಾತ್ರಿ ನೀವು ಶ್ರೀ ವಿಜಯಪುರಂನಲ್ಲೇ ಇರಬೇಕು. ಹ್ಯಾವ್‌ಲಾಕ್‌ನಿಂದ ಬೆಳಿಗ್ಗೆ ಹಡಗು ಹತ್ತಿ ಮಧ್ಯಾಹ್ನ ವಿಮಾನ ಹಿಡಿಯೋ ಪ್ಲಾನ್ ಜೂಜು. 2016ರ ಡಿಸೆಂಬರ್‌ನಲ್ಲಿ, ಅಂದ್ರೆ ‘ಒಳ್ಳೆ ಸೀಸನ್’ನಲ್ಲೇ, ಹವೆ ಕೆಟ್ಟು ಹಡಗುಗಳು ನಿಂತು ಹ್ಯಾವ್‌ಲಾಕ್, ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ಅವರನ್ನ ಕರೆತರೋಕೆ ನೌಕಾಪಡೆಯ ಹಡಗುಗಳು ಹೋಗಬೇಕಾಯಿತು. ಅವತ್ತು ಯಾರ ಬಳಿ ಒಂದು ದಿನ, ಸ್ವಲ್ಪ ನಗದು ಹೆಚ್ಚಿಗೆ ಇತ್ತೋ ಅವರು ಒಂದಿಷ್ಟು ನಿಶ್ಚಿಂತೆಯಿಂದ ಇದ್ದಿರಬೇಕು. ನಾವು ಬ್ರಿಡ್ಜ್ ಡಿಸೈನ್ ಮಾಡುವಾಗ ಫ್ಯಾಕ್ಟರ್ ಆಫ್ ಸೇಫ್ಟಿ ಹಾಕ್ತೀವಿ, ಟ್ರಿಪ್‌ಗೆ ಮಾತ್ರ ಹಾಕಲ್ಲ. ಯಾಕೆ?

ಹಾಗೆ ಖಾಲಿ ಬಿಟ್ಟ ದಿನ ವ್ಯರ್ಥ ಆಗುತ್ತೆ ಅನ್ನೋ ಭಯ ಬೇಡ. ಸೆಲ್ಯುಲರ್ ಜೈಲಿಗೆ ಅರ್ಧ ದಿನ ಕೊಡಿ. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ ಅದು. ನಡುವೆ ಒಂದು ಗೋಪುರ, ಅದರಿಂದ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಏಳು ಸಾಲು. ಒಂದು ಸಾಲಿನ ಮುಂಭಾಗ ಇನ್ನೊಂದರ ಹಿಂಭಾಗಕ್ಕೆ ಎದುರಾಗೋ ಹಾಗೆ ಕಟ್ಟಿದ್ದಾರೆ, ಕೈದಿಗಳು ಒಬ್ಬರನ್ನೊಬ್ಬರು ನೋಡಬಾರದು ಅಂತ. ಈಗ ಉಳಿದಿರೋದು ಮೂರೇ ಸಾಲು. ಒಳ್ಳೆಯ ಎಂಜಿನಿಯರಿಂಗ್ ಎಂಥ ಕೆಟ್ಟ ಕೆಲಸಕ್ಕೂ ಬಳಕೆಯಾಗಬಹುದು ಅಂತ ಸಿವಿಲ್‌ನವರು ಅಲ್ಲಿ ನಿಂತು ಯೋಚನೆ ಮಾಡಬೇಕು.

ಬಾವಿ ಈಜು ಬೇರೆ, ಸಮುದ್ರದ ಈಜು ಬೇರೆ

ಈಗ ಹೇಳೋದನ್ನ ದಯವಿಟ್ಟು ಸ್ಕ್ರೋಲ್ ಮಾಡಿ ದಾಟಬೇಡಿ.

ನಮ್ಮ ಕ್ಯಾಂಪಸ್‌ನಲ್ಲಿರೋ ಬಹಳಷ್ಟು ಜನ ಬಯಲುಸೀಮೆಯವರು. ಒಂದಿಷ್ಟು ಜನ ತೋಟದ ಬಾವಿಯಲ್ಲಿ, ಕೆರೆಯಲ್ಲಿ, ಕಾಲುವೆಯಲ್ಲಿ ಈಜು ಕಲಿತವರು. ಇನ್ನೊಂದಿಷ್ಟು ಜನಕ್ಕೆ, ಅದರಲ್ಲೂ ಹುಡುಗೀರಿಗೆ, ಕಲಿಯೋ ಅವಕಾಶವೇ ಸಿಕ್ಕಿಲ್ಲ. ಬಾವಿಯ ನೀರು ನಿಂತಿರುತ್ತೆ, ಸಮುದ್ರದ ನೀರು ಹರಿಯುತ್ತೆ. ಬಾವಿಯಲ್ಲಿ ಎಷ್ಟೇ ಚೆನ್ನಾಗಿ ಈಜಿದ್ದರೂ ಸೊಂಟದುದ್ದ ನೀರಲ್ಲಿ ಕಾಲಡಿ ಮರಳು ಜಾರಿದಾಗ ಏನು ಮಾಡಬೇಕು ಅನ್ನೋದು ಅಲ್ಲಿ ಗೊತ್ತಾಗಿರಲ್ಲ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಕಡಲೇ ಇಲ್ಲದ ಜಿಲ್ಲೆಯ ಮಕ್ಕಳು. ಆ ಸುದ್ದಿ ಓದಿದಾಗ ನಾವೆಲ್ಲ ಛೇ ಅಂದೆವು, ಸ್ಟೇಟಸ್ ಹಾಕಿದೆವು. ಆದರೆ ಸಮುದ್ರದ ಸೆಳೆತ ಅಂದ್ರೇನು, ಅದನ್ನ ಹೇಗೆ ಗುರುತಿಸೋದು ಅಂತ ಎಷ್ಟು ಜನ ಓದಿದೆವು?

ವಿಷಯ ಕಷ್ಟದ್ದಲ್ಲ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಬೇಕಲ್ಲ, ಅದು ಸುಲಭವಾದ ಒಂದು ಕಿರಿದಾದ ದಾರಿ ಹುಡುಕಿಕೊಂಡು ವೇಗವಾಗಿ ಒಳಕ್ಕೆ ಹರಿಯುತ್ತೆ. ಇದೇ ರಿಪ್ ಕರೆಂಟ್. ಎರಡೂ ಪಕ್ಕದಲ್ಲಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಇಲ್ಲದೆ ಶಾಂತವಾಗಿದೆ, ನೀರಿನ ಬಣ್ಣ ಗಾಢವಾಗಿದೆ, ನೊರೆ ಅಥವಾ ಮರಳು ಒಳಗಡೆಗೆ ಹೋಗ್ತಿದೆ ಅಂದ್ರೆ ಅಲ್ಲಿ ಸೆಳೆತ ಇರಬಹುದು. ನಮ್ಮ ಕಣ್ಣಿಗೆ ಆ ಶಾಂತ ಜಾಗವೇ ‘ಸೇಫ್’ ಅನಿಸೋದು, ಅಲ್ಲೇ ಅಪಾಯ. ಜೋರಾದ ಸೆಳೆತ ಸೆಕೆಂಡಿಗೆ 2 ಮೀಟರ್ ದಾಟಬಹುದು. ಅದು ಒಲಿಂಪಿಕ್ ಈಜುಗಾರರ ವೇಗ. ಅದರ ಎದುರು ಈಜಿ ಗೆಲ್ಲೋಕೆ ನಮ್ಮಿಂದ ಆಗಲ್ಲ.

ಸಿಕ್ಕಿಕೊಂಡರೆ ಏನು ಮಾಡಬೇಕು? ಸೆಳೆತ ನಿಮ್ಮನ್ನ ದಡದಿಂದ ದೂರ ಒಯ್ಯುತ್ತೆ, ಕೆಳಕ್ಕೆ ಎಳೆಯಲ್ಲ. ಜನ ಮುಳುಗೋದು ದಡದ ಕಡೆಗೇ ಈಜಿ ಈಜಿ ಸುಸ್ತಾಗಿ. ಅದಕ್ಕೆ ಮೊದಲು ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬನ್ನಿ, ಆಮೇಲೆ ಓರೆಯಾಗಿ ದಡಕ್ಕೆ ಬನ್ನಿ. ದಡದಲ್ಲಿರೋರು ಹಿಂದೆ ಹಾರಬೇಡಿ, ಒಬ್ಬನನ್ನ ಉಳಿಸೋಕೆ ಹೋಗಿ ಮೂವರು ಹೋದ ಸುದ್ದಿ ಪ್ರತಿ ಬೇಸಿಗೆ ಓದ್ತೀವಿ. ಲೈಫ್‌ಗಾರ್ಡ್‌ನ ಕರೀರಿ, ತೇಲೋ ವಸ್ತು ಎಸೀರಿ, 112ಕ್ಕೆ ಫೋನ್ ಮಾಡಿ. ಕರಾವಳಿ ಕಾವಲು ಪಡೆಯ ಸಹಾಯವಾಣಿ 1554. ಎರಡನ್ನೂ ಈಗಲೇ ಸೇವ್ ಮಾಡಿಕೊಳ್ಳಿ.

ರಾಧಾನಗರ್ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ವರ್ಷದ ಪಟ್ಟಿಯಲ್ಲೇ ನಮ್ಮ ಕಾಸರಕೋಡು, ಪಡುಬಿದ್ರಿ ಕೂಡ ಇದ್ದವು. ಅಂಥ ಬೀಚ್‌ನಲ್ಲಿ ಈಜೋಕೆ ಅಂತ ಗುರುತು ಮಾಡಿದ ಜಾಗ ಇರುತ್ತೆ, ಆ ಗುರುತಿನ ಒಳಗೇ ಇರಿ. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆ ಇವೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲೇ ಒಬ್ಬ ವಿದೇಶಿ ಪ್ರವಾಸಿ ಮೊಸಳೆ ದಾಳಿಯಲ್ಲಿ ಸತ್ತಿದ್ದಾರೆ. ಮೊಸಳೆ ಬೋರ್ಡ್ ಇರೋ ಕಡೆ, ತೊರೆ ಬಂದು ಸಮುದ್ರ ಸೇರೋ ಕಡೆ, ಕಾಂಡ್ಲಾ ಗಿಡಗಳ ಪಕ್ಕ, ಕತ್ತಲಾದ ಮೇಲೆ ನೀರಿಗಿಳಿಯೋದು ಬೇಡವೇ ಬೇಡ. ಬಿಯರ್ ಕುಡಿದು ಇಳಿಯೋದಂತೂ ಹೇಳಲೇಬಾರದು. ಇನ್ನೊಂದು ವಿಷಯ 2004ರ ಸುನಾಮಿ ಕಲಿಸಿದ್ದು: ನೆಲ ಜೋರಾಗಿ ನಡುಗಿದರೆ, ಅಥವಾ ನೀರು ಇದ್ದಕ್ಕಿದ್ದ ಹಾಗೆ ದೂರ ಸರಿದರೆ, ವಿಡಿಯೋ ಮಾಡ್ತಾ ನಿಲ್ಲಬೇಡಿ, ಎತ್ತರದ ಜಾಗಕ್ಕೆ ಓಡಿ.

ಗ್ರೂಪಿನ ಹುಡುಗರಿಗೆ ಒಂದು ಮಾತು. ನಿಮ್ಮಲ್ಲಿ ಈಜು ಬಾರದವರು ಇದ್ದೇ ಇರ್ತಾರೆ, ಆದರೆ ಹತ್ತು ಜನರ ಮುಂದೆ ಹಾಗಂತ ಬಾಯಿಬಿಟ್ಟು ಹೇಳಲ್ಲ. ‘ಏನ್ ಮಗಾ, ಭಯಾನಾ?’ ಅನ್ನೋ ಒಂದು ಮಾತಿಗೆ ಹೆದರಿ ನೀರಿಗಿಳೀತಾರೆ. ಹೊರಡೋ ಮುಂಚೆಯೇ ಯಾರಿಗೆ ಈಜು ಬರುತ್ತೆ, ಯಾರಿಗೆ ಬರಲ್ಲ ಅಂತ ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿ ತಿಳಿದುಕೊಳ್ಳಿ. ಬಾರದವರು ಮಂಡಿಯುದ್ದ ನೀರಲ್ಲಿ ಇದ್ದರೆ ಅವರ ಮಜಾ ಕಮ್ಮಿ ಆಗಲ್ಲ. ದಡದಲ್ಲಿ ಸದಾ ಒಬ್ಬರು ಎಣಿಸ್ತಾ ಇರಲಿ, ಪಾಳಿ ಹಾಕಿಕೊಳ್ಳಿ.

ಸ್ಕೂಬಾ ಮತ್ತು ಬಾಯ್ಲ್ ಸಾಹೇಬರು

ಸ್ಕೂಬಾ ಮಾಡಿ, ದುಡ್ಡಿದ್ದರೆ ತಪ್ಪಿಸಬೇಡಿ. ಮೊದಲ ಸಲ ಮಾಡೋರಿಗೆ ಈಜು ಬರಬೇಕಿಲ್ಲ, ಬೋಧಕರು ಹಿಡಿದುಕೊಂಡೇ ಹೋಗ್ತಾರೆ. ಆದರೆ ಫಸ್ಟ್ ಇಯರ್ ಫಿಸಿಕ್ಸ್ ನೆನಪಿರಲಿ. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಸೇರುತ್ತೆ. 10 ಮೀಟರ್ ಕೆಳಗೆ ಎಳೆದುಕೊಂಡ ಒಂದು ಶ್ವಾಸಕೋಶದಷ್ಟು ಗಾಳಿ ಮೇಲೆ ಬಂದಾಗ ಎರಡು ಪಟ್ಟು ಹಿಗ್ಗುತ್ತೆ. ಅದಕ್ಕೇ ಉಸಿರು ಬಿಗಿಹಿಡಿದು ಮೇಲೇಳಬಾರದು ಅನ್ನೋದು ಡೈವಿಂಗ್‌ನ ಮೊದಲ ನಿಯಮ. ಕಿವಿಯಲ್ಲೂ ಇದೇ ಕಥೆ, ಮೂಗು ಹಿಡಿದು ಮೆಲ್ಲಗೆ ಊದಿ ಒತ್ತಡ ಸರಿಮಾಡಿಕೊಳ್ಳಬೇಕು. ನೆಗಡಿ ಇದ್ದರೆ ಅದು ಆಗಲ್ಲ, ಆ ದಿನ ಬಿಟ್ಟುಬಿಡಿ. ಆಸ್ತಮಾ, ಫಿಟ್ಸ್, ಕಿವಿ ಆಪರೇಷನ್ ಆಗಿದ್ದರೆ ಫಾರ್ಮ್‌ನಲ್ಲಿ ಮುಚ್ಚಿಡಬೇಡಿ. ಮೇಲಕ್ಕೆ ಬಂದ ಮೇಲೂ ರಕ್ತದಲ್ಲಿ ಹೆಚ್ಚುವರಿ ನೈಟ್ರೋಜನ್ ಕರಗಿರುತ್ತೆ, ವಿಮಾನದಲ್ಲಿ ಒತ್ತಡ ಕಮ್ಮಿಯಾದಾಗ ಅದು ಗುಳ್ಳೆಯಾಗಬಹುದು. ಹಾಗಾಗಿ ಡೈವ್‌ಗೂ ವಿಮಾನಕ್ಕೂ ನಡುವೆ 24 ಗಂಟೆ ಅಂತರ ಇಟ್ಟುಬಿಡಿ. ಬುಕ್ ಮಾಡುವಾಗ ‘ವಿಡಿಯೋ ಫ್ರೀನಾ?’ ಅನ್ನೋದಕ್ಕಿಂತ ಮೊದಲು ‘ಒಬ್ಬ ಬೋಧಕರಿಗೆ ಎಷ್ಟು ಜನ?’ ಅಂತ ಕೇಳಿ. ಹೊಸಬರಿಗೆ ಒಬ್ಬರಿಗೊಬ್ಬರು ಇರಬೇಕು. ನಿಮ್ಮ ಮೊದಲ ಪ್ರಶ್ನೆಗೆ ಸಿಡುಕೋ ಅಂಗಡಿಯಿಂದ ಹೊರಗೆ ಬನ್ನಿ.

ನೀರೊಳಗೆ ಹವಳ ಮುಟ್ಟಬೇಡಿ, ಮೇಲೆ ನಿಲ್ಲಬೇಡಿ. ಅದು ಕಲ್ಲಲ್ಲ, ಜೀವ. ಗುಂಡುಕಲ್ಲಿನ ಹಾಗೆ ಕಾಣೋ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನಿಮ್ಮ ಒಂದು ಫೋಟೋದ ಕಾಲ್ತುಳಿತ ನಿಮ್ಮ ವಯಸ್ಸಿಗಿಂತ ಹಳೆಯದನ್ನ ಮುರಿಯಬಹುದು. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನ್‌ನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು, ಆ ಏಟಿನ ಮೇಲೆ ನಮ್ಮದೂ ಬೇಡ. ಸತ್ತ ಹವಳದ ತುಂಡನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೆ ಹುಲಿಯ ಸಾಲಿನಲ್ಲೇ, ಅಂದ್ರೆ ಮೊದಲ ಅನುಸೂಚಿಯಲ್ಲೇ ಜಾಗ ಇದೆ. ಏರ್‌ಪೋರ್ಟ್‌ನಲ್ಲಿ ಬ್ಯಾಗ್ ತೆಗೆಸಿ ನಿಲ್ಲಿಸಿದರೆ ಫ್ರೆಂಡ್ಸ್ ಎಲ್ಲ ಹತ್ತಿ ಹೋಗ್ತಾರೆ. ಸನ್‌ಸ್ಕ್ರೀನ್‌ನಲ್ಲಿ ಆಕ್ಸಿಬೆಂಜೋನ್ ಇಲ್ಲದ್ದು ತಗೊಳ್ಳಿ. ಹವಳದ ಕಾಳಜಿಯಿಂದ ಅಂಥ ಸನ್‌ಸ್ಕ್ರೀನ್ ಮಾರಾಟಕ್ಕೆ ಹವಾಯಿ, ಪಲಾವ್ ಈಗಾಗಲೇ ತಡೆ ಹಾಕಿವೆ. ಅದಕ್ಕಿಂತ ಸುಲಭ ಉಪಾಯ ತುಂಬುತೋಳಿನ ಟೀಶರ್ಟ್.

ಬಾರಾಟಾಂಗ್ ಬಿಟ್ಟುಬಿಡಿ

ಇಲ್ಲಿ ಕೆಲವರು ನನ್ನ ಜೊತೆ ಜಗಳ ತೆಗೀಬಹುದು. ಬಹುತೇಕ ಪ್ಯಾಕೇಜ್‌ಗಳಲ್ಲಿ ‘ಬಾರಾಟಾಂಗ್ ಸುಣ್ಣದಕಲ್ಲಿನ ಗುಹೆ’ ಅಂತ ಇರುತ್ತೆ. ರಸ್ತೆಯಲ್ಲಿ ಹೋದರೆ ಅಂಡಮಾನ್ ಟ್ರಂಕ್ ರೋಡ್‌ನಲ್ಲಿ ಜಾರವಾ ಜನರ ಮೀಸಲು ಕಾಡಿನ ಮೂಲಕವೇ ಹೋಗಬೇಕು. ಜಾರವಾ ಜನ ಇರೋದು ಕೆಲವೇ ನೂರು. ಹೊರಗಿನವರ ಜೊತೆ ಸಂಪರ್ಕ ಹೆಚ್ಚಾದ ಮೇಲೆ 1999ರಲ್ಲಿ, ಮತ್ತೆ 2006ರಲ್ಲಿ ಅವರಲ್ಲಿ ದಡಾರ ಹರಡಿತು. 2002ರಲ್ಲೇ ಸುಪ್ರೀಂ ಕೋರ್ಟ್ ಮೀಸಲು ಪ್ರದೇಶದೊಳಗಿನ ರಸ್ತೆ ಮುಚ್ಚಲು ಹೇಳಿತ್ತು. 2012ರಲ್ಲಿ ಪ್ರವಾಸಿಗರ ಮುಂದೆ ಜಾರವಾ ಹೆಣ್ಣುಮಕ್ಕಳನ್ನ ಕುಣಿಸಿದ ವಿಡಿಯೋ ಹೊರಬಂದಾಗ ದೇಶವೇ ತಲೆತಗ್ಗಿಸಿತು.

ರಸ್ತೆ ಬೇಕೇ ಬೇಕು ಅನ್ನೋರ ಮಾತಲ್ಲೂ ನ್ಯಾಯ ಇದೆ. ಮಧ್ಯ ಮತ್ತು ಉತ್ತರ ಅಂಡಮಾನ್‌ನ ಜನಕ್ಕೆ ಆಸ್ಪತ್ರೆಗೆ, ಆಫೀಸಿಗೆ ಅದೇ ದಾರಿ. ಅವರು ಓಡಾಡಲಿ. ಆದರೆ ಒಂದು ಗುಹೆ ನೋಡೋಕೆ ನಾವು ಹೋಗಲೇಬೇಕಾ? ಪ್ಯಾಕೇಜಿನವರು ಗುಹೆ ಅಂತ ಬರೆದಿದ್ದರೂ ‘ದಾರಿಯಲ್ಲಿ ಟ್ರೈಬಲ್ಸ್ ಕಾಣ್ತಾರೆ’ ಅಂತ ಕಿವಿಯಲ್ಲಿ ಹೇಳೋರು ಇದ್ದಾರೆ. ಮನುಷ್ಯರನ್ನ ಕಿಟಕಿಯಿಂದ ನೋಡೋಕೆ ಹೋಗೋದು ಪ್ರವಾಸ ಅಲ್ಲ. ಫೋಟೋ ತೆಗೆದರೆ, ತಿಂಡಿ ಕೊಟ್ಟರೆ 1956ರ ಬುಡಕಟ್ಟು ಸಂರಕ್ಷಣಾ ನಿಯಮದ ಅಡಿ ಕೇಸ್ ಆಗುತ್ತೆ ಅನ್ನೋದು ಬೇರೆ ಮಾತು. ಸುಣ್ಣದಕಲ್ಲಿನ ವಿಚಿತ್ರ ನೋಡಲೇಬೇಕು ಅಂದ್ರೆ ನಮ್ಮ ಯಾಣ ಇದೆ, ರಾತ್ರಿ ಬಸ್ ಹತ್ತಿದರೆ ಸಾಕು. ಬಾರಾಟಾಂಗ್‌ಗೆ ಬೆಳಗಿನ ಜಾವ ಎದ್ದು ಹೋಗಿ ಬರೋದರಲ್ಲಿ ಇಡೀ ದಿನ ಹೋಗುತ್ತೆ, ಆ ದಿನವನ್ನ ಸಮುದ್ರಕ್ಕೆ ಕೊಡಿ.

ಹಾಗಾದ್ರೆ ಪ್ಲಾನ್ ಏನು?

ಆರು ರಾತ್ರಿ ಸಿಕ್ಕರೆ: ಮೊದಲ ರಾತ್ರಿ ಶ್ರೀ ವಿಜಯಪುರಂ, ಮೂರು ರಾತ್ರಿ ಹ್ಯಾವ್‌ಲಾಕ್, ಒಂದು ರಾತ್ರಿ ನೀಲ್, ಕೊನೆಯ ರಾತ್ರಿ ಮತ್ತೆ ಶ್ರೀ ವಿಜಯಪುರಂ. ಐದೇ ಸಿಕ್ಕರೆ ನೀಲ್ ಬಿಡಿ. ನಾಲ್ಕೇ ಸಿಕ್ಕರೆ ಟ್ರಿಪ್ ಮುಂದೂಡಿ, ಅಷ್ಟು ದುಡ್ಡು ಕೊಟ್ಟು ಹಡಗಿನ ಕ್ಯೂ ನೋಡೋಕೆ ಹೋಗಬೇಡಿ. ಸ್ಕೂಬಾ ಹ್ಯಾವ್‌ಲಾಕ್‌ನ ಎರಡನೇ ದಿನಕ್ಕೆ ಇಡಿ. ಹವೆ ಕೆಟ್ಟರೆ ಮೂರನೇ ದಿನ ಕೈಯಲ್ಲಿರುತ್ತೆ, ವಿಮಾನಕ್ಕೂ ಅಂತರ ಸಿಗುತ್ತೆ. ಹೊರಡೋ ಎರಡು ದಿನ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡೋ ಅಲೆಗಳ ಎಚ್ಚರಿಕೆ ನೋಡಿ. ಎರಡೂ ಪುಕ್ಕಟೆ.

ಬ್ಯಾಗಿನ ವಿಷಯಕ್ಕೆ ಬಂದರೆ: ನಗದು ಸ್ವಲ್ಪ ಹೆಚ್ಚೇ ಇರಲಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ, ಆದರೂ ಯುಪಿಐ ಎಲ್ಲ ಕಡೆ ಕೈಹಿಡಿಯುತ್ತೆ ಅಂತ ನಂಬಬೇಡಿ. ಹಿಂದೆ ಬೆಲ್ಟ್ ಇರೋ ರಬ್ಬರ್ ಚಪ್ಪಲಿ ಬೇಕು, ಹವಳದ ಚೂರು ಕಾಲು ಸೀಳುತ್ತೆ. ಬೆಳಿಗ್ಗೆ, ಸಂಜೆ ಮರಳುನೊಣ ಕಚ್ಚುತ್ತೆ, ತುಂಬುಕಾಲಿನ ಪ್ಯಾಂಟ್ ಇರಲಿ, ಕೆರೆದುಕೊಂಡು ಗಾಯ ಮಾಡಿಕೊಳ್ಳಬೇಡಿ. ವಾಂತಿ ಬರೋರು ಹಡಗು ಹತ್ತೋ ಮುಂಚೆಯೇ ಮಾತ್ರೆ ನುಂಗಿ, ನಡುಭಾಗದಲ್ಲಿ ಕೂತು ದೂರದ ದಿಗಂತ ನೋಡಿ, ಫೋನ್ ನೋಡಬೇಡಿ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ಡ್ರೋನ್ ಮನೆಯಲ್ಲೇ ಇರಲಿ, ಅದು ಮೂರೂ ಸೇನಾಪಡೆಗಳ ನೆಲೆ ಇರೋ ಜಾಗ. ಸ್ಕೂಟರ್ ಬಾಡಿಗೆಗೆ ಲೈಸೆನ್ಸ್ ಒಯ್ಯಿರಿ, ಹೊರಡೋ ಮುಂಚೆ ಗಾಡಿಯ ಗೀರುಗಳ ವಿಡಿಯೋ ಮಾಡಿಕೊಳ್ಳಿ, ಬ್ರೇಕ್ ನೋಡಿ. ಮತ್ತೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಳ್ಳಿ. ಹಡಗು ಮೂರು ಗಂಟೆ ತಡವಾದ ದಿನ ಉತ್ತರ ಕರ್ನಾಟಕದವರೇ ಗ್ರೂಪಿನ ಹೀರೋಗಳು.

ಹ್ಯಾವ್‌ಲಾಕ್‌ನಲ್ಲಿ ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ ಅಂತ ಊರುಗಳಿವೆ. ಅಲ್ಲಿರೋರು ಹೆಚ್ಚಾಗಿ ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳವರು. ಮಾರ್ಕೆಟ್ಟಿನ ಸಣ್ಣ ಹೋಟೆಲ್‌ನಲ್ಲಿ ಅವರ ಕೈಯ ಮೀನು ಸಾರು, ಅನ್ನ ತಿನ್ನಿ. ರೆಸಾರ್ಟ್‌ಗಿಂತ ಅಗ್ಗ, ದುಡ್ಡೂ ಊರಿನವರಿಗೇ ಸೇರುತ್ತೆ. ದ್ವೀಪದಲ್ಲಿ ಸಿಹಿನೀರು ಕಮ್ಮಿ, ಬೇಸಿಗೆಯಲ್ಲಂತೂ ಇನ್ನೂ ಕಷ್ಟ. ಶವರ್ ಕೆಳಗೆ ಅರ್ಧ ಗಂಟೆ ಹಾಡಬೇಡಿ, ಒಂದು ಬಕೆಟ್ ಸಾಕು. ನೀವು ಬಿಟ್ಟು ಬಂದ ಪ್ಲಾಸ್ಟಿಕ್‌ಗೆ ಅಲ್ಲಿ ಹೋಗೋಕೆ ಬೇರೆ ಜಾಗ ಇಲ್ಲ, ವಾಪಸ್ ತನ್ನಿ.

‘ಇಷ್ಟೆಲ್ಲ ರೂಲ್ಸ್ ಇಟ್ಟುಕೊಂಡು ಹೋದರೆ ಟ್ರಿಪ್ ಆಗುತ್ತಾ, ಎನ್ನೆಸ್ಸೆಸ್ ಕ್ಯಾಂಪ್ ಆಗುತ್ತಾ?’ ಅಂತ ಕೇಳೋರಿಗೆ ನನ್ನ ಉತ್ತರ: ಇದರಲ್ಲಿ ಮುಕ್ಕಾಲುಪಾಲು ಹೊರಡೋ ಮುಂಚೆ ಒಂದು ಸಂಜೆ ಕೂತು ಮುಗಿಸೋ ಕೆಲಸ. ಅಲ್ಲಿಗೆ ಹೋದ ಮೇಲೆ ಹನ್ನೊಂದು ಸ್ಪಾಟ್‌ನವರು ಗಡಿಯಾರ ನೋಡ್ತಾ ಓಡ್ತಿರ್ತಾರೆ, ನೀವು ನಾಲ್ಕು ಗಂಟೆಗೆ ಮರಳಲ್ಲಿ ಕೂತು ಮಂಡಕ್ಕಿ ತಿನ್ನುತ್ತಾ ಇರ್ತೀರಿ.

ದುಡ್ಡಿನ ಮಾತನ್ನೂ ಆಡಿಬಿಡೋಣ. ಅಂಡಮಾನ್ ಎಲ್ಲರ ಜೇಬಿಗೂ ಆಗಲ್ಲ. ಗ್ರೂಪಿನಲ್ಲಿ ‘ಮನೇಲಿ ಬಿಡಲ್ಲ ಕಣೋ’ ಅನ್ನೋ ಗೆಳೆಯನ ಕಷ್ಟ ಮನೆಯವರ ಒಪ್ಪಿಗೆಯದ್ದೇ ಆಗಿರಬೇಕಿಲ್ಲ. ಅವನನ್ನ ಬಿಟ್ಟು ಹೋಗೋಕೆ ಮನಸ್ಸು ಬರದಿದ್ದರೆ ನಮ್ಮ ಕಡಲಲ್ಲೂ ದ್ವೀಪಗಳಿವೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಕಲ್ಲು ನೋಡಿ. ಸ್ಕೂಬಾ ಬೇಕಾದರೆ ಮುರುಡೇಶ್ವರದಿಂದ ನೇತ್ರಾಣಿ ಇದೆ. ಅಲ್ಲಿಗೂ ಮಳೆಗಾಲದಲ್ಲಿ ಹೋಗೋಕಾಗಲ್ಲ, ಅಲ್ಲೂ ಬಂಡೆ ಜಾರುತ್ತೆ, ಅಲ್ಲೂ ಸೆಳೆತ ಇದೆ. ಮೇಲೆ ಹೇಳಿದ ಲೆಕ್ಕವೆಲ್ಲ ಅಲ್ಲಿಗೂ ಅನ್ವಯ.

ಈ ವರ್ಷದ ಗ್ರೂಪ್ ಅಡ್ಮಿನ್‌ಗಳಿಗೆ ಒಂದೇ ಬೇಡಿಕೆ. ಅಡ್ವಾನ್ಸ್ ಕಲೆಕ್ಟ್ ಮಾಡೋ ಮುಂಚೆ ಗ್ರೂಪ್‌ನಲ್ಲಿ ಮೂರು ಪ್ರಶ್ನೆ ಹಾಕಿ. ನಾವು ಹೋಗೋ ವಾರ ಅಮಾವಾಸ್ಯೆಯಾ, ಹುಣ್ಣಿಮೆಯಾ, ಅಷ್ಟಮಿಯಾ? ಹಡಗು ಒಂದು ದಿನ ನಿಂತರೆ ನಮ್ಮ ಪ್ಲಾನ್ ನಿಲ್ಲುತ್ತಾ? ನಮ್ಮಲ್ಲಿ ಈಜು ಬಾರದವರು ಎಷ್ಟು ಜನ? ಮೂರನೆಯದಕ್ಕೆ ಉತ್ತರ ಪರ್ಸನಲ್ ಆಗಿ ಕಳಿಸಿ ಅಂತ ಹೇಳೋದನ್ನ ಮರೀಬೇಡಿ. ಎಲ್ಲಕ್ಕೂ ಉತ್ತರ ಸಿಕ್ಕ ಮೇಲೆ ಟಿಕೆಟ್ ಮಾಡಿ, ಹೋದಷ್ಟೇ ಜನ ವಾಪಸ್ ಬನ್ನಿ.